ಹಾಲವ್ವ ಕಾಲು ತಟ್ಟುವುದಿಲ್ಲ

ಗಂಡ ಸತ್ತ ಮೇಲೆ ನಾನು ಅತ್ತಿಲ್ಲ ಎಂಬುದು ಬ್ಯಾಡರಹಳ್ಳಿಯ ನಮ್ಮ ವಠಾರದವರಿಗೆ ದೊಡ್ಡ ಕೊರಗು. ಅಳು ಬರಲಿಲ್ಲ, ಅಷ್ಟೆ. ಕೊಟ್ರೇಶ್ ಡೆಂಗಿ ಜ್ವರದಲ್ಲಿ ಹೋದ. ಹಾವೇರಿ ಕಡೆಯ ನಮ್ಮ ಊರಿಗೆ ಒಯ್ದು ಮಣ್ಣು ಮಾಡಿದೆವು. ತಿರುಗಿ ಬಂದು ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಮತ್ತೆ ನಿಂತೆ. ಮಾತ್ರೆ ಕತ್ತರಿಸಿ ಕೊಡುತ್ತೇನೆ, ಮನೆಗೆ ಬಂದು ಅನ್ನಕ್ಕಿಡುತ್ತೇನೆ, ಮಲಗುತ್ತೇನೆ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟ ದವಡೆಯ ಹಾಗೆ ಆಗಿದ್ದೆ. ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕು.

ಮಗಳನ್ನು ಡ್ಯಾನ್ಸಿಗೆ ಸೇರಿಸಿದ್ದು ನನ್ನ ಯೋಚನೆಯಲ್ಲ. "ಹಾಲವ್ವ ಒಂದೇ ಕಡೆ ಕೂತಿರ್ತಾಳೆ ಮೇಡಂ, ಆಟಕ್ಕೇ ಬರಲ್ಲ. ಎಲ್ಲಾದ್ರೂ ಡ್ಯಾನ್ಸಿಗೆ ಹಾಕಿ" ಎಂದು ಪ್ಲೇಸ್ಕೂಲಿನ ಮಿಸ್ಸು ಹೇಳಿದರು. ಅವಳಿಗಿನ್ನೂ ನಾಲ್ಕು ತುಂಬಿಲ್ಲ. ನನ್ನ ಅತ್ತೆಯ ಹೆಸರನ್ನೇ ಇಟ್ಟದ್ದು. ಆ ಹೆಸರು ಕೇಳಿದರೆ ಈ ಊರಿನವರು ಮಗುವನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಾರೆ. ನೋಡಲಿ. ನಾನು ಕಲ್ಲಾದರೂ ನಡೆಯುತ್ತದೆ, ಮಗಳು ಮೊದಲಿನ ಹಾಗೆ ಕುಣಿದಾಡಿಕೊಂಡಿರಬೇಕು. ನನಗೆ ಬೇಕಾದದ್ದು ಇದೊಂದೇ ಆಗಿತ್ತು.

ಚಪ್ಪಲಿ ಅಂಗಡಿಯ ಮೇಲಿನ ಹಾಲ್‌ನಲ್ಲಿ ಸುಮಾ ಎಂಬವರು ಪುಟಾಣಿಗಳಿಗೆ ಭರತನಾಟ್ಯದ ಮೊದಲ ಪಾಠ ಹೇಳಿಕೊಡುತ್ತಾರೆ. ಪಾಠ ಅನ್ನುವುದು ದೊಡ್ಡ ಮಾತು. ಒಬ್ಬ ಮೂಗಿನೊಳಗೆ ಬೆರಳಿಟ್ಟುಕೊಂಡು ನಿಂತಿರುತ್ತಾನೆ, ಒಬ್ಬಳು ಉಚ್ಚೆ ಬಂತು ಅನ್ನುತ್ತಾಳೆ, ಬಾಗಿಲ ಹೊರಗೆ ತಾಯಂದಿರು ಫೋನ್ ಹಿಡಿದು ವಿಡಿಯೋ ಮಾಡುತ್ತಾರೆ. ಮೊದಲ ದಿನ ಸುಮಾ ಎಲ್ಲರನ್ನೂ ಕೂರಿಸಿ ನೆಲ ಮುಟ್ಟಿ ನಮಸ್ಕಾರ ಮಾಡಿಸಿದರು.

"ನಾವು ಡ್ಯಾನ್ಸ್ ಮಾಡ್ವಾಗ ಭೂಮಿತಾಯಿನ ಜೋರಾಗಿ ತುಳೀತೀವಲ್ವಾ? ಪಾಪ, ಅವಳಿಗೆ ನೋವಾಗುತ್ತೆ. ಅದಕ್ಕೇ ಮೊದ್ಲು ಸಾರಿ ಕೇಳ್ಬೇಕು. ಎಲ್ಲಾರೂ ಹೇಳಿ, ಸಾರಿ ಭೂಮಿತಾಯಿ."

ಮಕ್ಕಳು ಸಾರಿ ಕೇಳಿ, ಎದ್ದು, ತೈಯಾ ತೈ ಎಂದು ನೆಲ ಅದುರುವಂತೆ ತುಳಿದವು. ಸಾರಿ ಕೇಳಿದ ಮೇಲೆ ಎಷ್ಟು ತುಳಿದರೂ ಆದೀತು ಎಂಬ ಲೆಕ್ಕ ಅವಕ್ಕೆ ಬೇಗ ಹತ್ತಿತು. ಹಾಲವ್ವ ಮಾತ್ರ ಸಾರಿ ಕೇಳಿ ನಿಂತೇ ಇದ್ದಳು.

ಮುಂದಿನ ವಾರವೂ ಹಾಗೆಯೇ. ಕಣ್ಣು ತಿರುಗಿಸು ಅಂದರೆ ತಿರುಗಿಸುತ್ತಾಳೆ, ಕೈಯಲ್ಲಿ ಹೂವು ಮಾಡು ಅಂದರೆ ಮಾಡುತ್ತಾಳೆ, ಕಾಲು ಮಾತ್ರ ಎತ್ತುವುದಿಲ್ಲ. ಮನೆಯಲ್ಲಿ ಬೆಕ್ಕಿನ ಹಾಗೆ ತುದಿಗಾಲಿನಲ್ಲಿ ಓಡಾಡತೊಡಗಿದಳು. ಇದ್ದ ಕಾಟ ಸಾಲದೆಂದು ಇದೊಂದು ಬೇರೆ ಎಂದುಕೊಂಡೆ.

ಕೊನೆಗೆ ಸುಮಾ ನನ್ನನ್ನು ಪಕ್ಕಕ್ಕೆ ಕರೆದರು. "ಬೇಜಾರ್ ಮಾಡ್ಕೋಬೇಡಿ ಚೇತನಾ. ಇವಳನ್ನ ನೋಡಿ ಬೇರೆ ಮಕ್ಕಳೂ ನಿಂತ್ಕೋತಾರೆ. ಇನ್ನೊಂದು ಕ್ಲಾಸ್ ನೋಡೋಣ. ಆಗ್ಲಿಲ್ಲಾಂದ್ರೆ ಮುಂದಿನ ವರ್ಷ ಕರ್ಕೊಂಡ್ ಬನ್ನಿ."

ನನಗೆ ಸಿಟ್ಟು ಬಂತು. ಬಹಳ ದಿನಗಳ ಮೇಲೆ ಏನೋ ಒಂದು ಬಂತಲ್ಲ ಎನಿಸಿತು. ಮನೆಗೆ ಬಂದವಳೇ ಮಗಳನ್ನು ಅಡಿಗೆಮನೆಯಲ್ಲಿ ನಿಲ್ಲಿಸಿ, ಅವಳ ಪಾದ ಹಿಡಿದು ನೆಲಕ್ಕೆ ಕುಟ್ಟಿದೆ. "ಇಷ್ಟ ಮಾಡಾಕ ಏನಾಗೈತಿ ನಿನಗ?"

ಅವಳು ಕಿರುಚಿಕೊಂಡು ನನ್ನ ಕೈ ಕಚ್ಚಿದಳು. "ಬ್ಯಾಡ! ಅಪ್ಪಗ ಬಡೀತೈತಿ!"

ಪಾದ ಬಿಟ್ಟು ಅಲ್ಲೇ ಕುಳಿತೆ. ನಮ್ಮಲ್ಲಿ ಸುಡುವುದಿಲ್ಲ. ಕೂರಿಸಿ, ವಿಭೂತಿ ಹಚ್ಚಿ, ಮಣ್ಣು ಮುಚ್ಚುತ್ತೇವೆ. ಮೈದುನನ ಹೆಗಲ ಮೇಲಿದ್ದ ಇವಳು ಎಲ್ಲವನ್ನೂ ನೋಡಿದ್ದಳು. ಅಪ್ಪ ಯಾವಾಗ ಬರುತ್ತಾನೆಂದು ಕೇಳಿದಾಗಲೆಲ್ಲ ನಾನು, ಮಣ್ಣಾಗ ಮಲಗ್ಯಾನ, ಸುಮ್ಮನಿರು ಎಂದು ಬಾಯಿ ಮುಚ್ಚಿಸಿದ್ದೆ. ಮಲಗಿದವನನ್ನು ಯಾರು ತುಳಿಯುತ್ತಾರೆ?

ಮುಂದಿನ ಕ್ಲಾಸಿಗೆ ಹೋದಾಗ ಸುಮಾಗೆ ವಿಷಯ ಹೇಳಿದೆ. ಅವರ ಮುಖ ಸಣ್ಣದಾಯಿತು. "ನಾನು ಎಲ್ಲಾ ಮಕ್ಕಳಿಗೂ ಹೀಗೇ ಹೇಳ್ಕೊಡೋದು... ನನಗೆ ಹೊಳೀಲೇ ಇಲ್ಲ" ಎಂದರು. ಹಾಲವ್ವನ ಮುಂದೆ ಕುಳಿತು, "ಯಾರಿಗೂ ನೋವಾಗಲ್ಲ ಪುಟ್ಟಾ, ಆಂಟಿ ಸುಮ್ನೆ ಹೇಳಿದ್ದು" ಎಂದರು. ಹಾಲವ್ವ ಅವರನ್ನು ನಂಬಲಿಲ್ಲ. ನನ್ನ ಕಡೆ ನೋಡಿದಳು.

ಹೇಳಬೇಕಾದವಳು ನಾನೇ. ಒಳಗೆ ಹೋಗಿ ಅವಳ ಎದುರು ಮಂಡಿಯೂರಿದೆ.

"ಅಪ್ಪ ಮಲಗಿಲ್ಲ, ಹಾಲಿ. ಸತ್ತಾನ. ಸತ್ತವರಿಗೆ ನೋವು ಆಗೂದಿಲ್ಲ."

"ತುಳದ್ರೂ?"

"ತುಳದ್ರೂ ಇಲ್ಲ. ಕರದ್ರೂ ಕೇಳೂದಿಲ್ಲ. ಅವನಿಗೆ ಏನೂ ಗೊತ್ತಾಗೂದಿಲ್ಲ."

ಕೌಂಟರಿನಲ್ಲಿ ಊಟಕ್ಕೆ ಮೊದಲು, ಊಟದ ನಂತರ ಎಂದು ಹೇಳುವ ದನಿಯಲ್ಲೇ ಹೇಳಿದೆ. ಅವಳು ತನ್ನ ಪಾದ ನೋಡಿಕೊಂಡಳು. ಆಮೇಲೆ ಹೋಗಿ ಸಾಲಿನಲ್ಲಿ ನಿಂತಳು. ಸುಮಾ ಕೋಲು ತಟ್ಟಿ ತೈಯಾ ತೈ ಎಂದರು. ಹಾಲವ್ವ ಬಲಗಾಲನ್ನು ಮೆತ್ತಗೆ ಇಟ್ಟು ನೋಡಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಜೋರಾಗಿ ತಟ್ಟಿದಳು. ಪಕ್ಕದ ಹುಡುಗ ನಕ್ಕ, ಇವಳೂ ನಕ್ಕಳು. ಇಬ್ಬರೂ ಪೈಪೋಟಿಗೆ ಬಿದ್ದವರಂತೆ ತುಳಿಯತೊಡಗಿದರು.

ಬೇಡಿಕೊಂಡದ್ದು ಇದನ್ನೇ. ಆದರೆ ತುಳಿದರೆ ನೋಯುವಂಥ ಕೊಟ್ರೇಶ್ ಇಷ್ಟು ದಿನ ಇವಳೊಬ್ಬಳ ಬಳಿ ಉಳಿದಿದ್ದ. ಅವನನ್ನು ನಾನೇ ಈಗ ಕಸಿದುಕೊಂಡಿದ್ದೆ.

ಹಾಲವ್ವ ಎರಡೂ ಕಾಲೆತ್ತಿ ಧೊಪ್ಪೆಂದು ಹಾರಿದಳು. ಸುಮಾ ತಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ನನ್ನ ಮುಖವೆಲ್ಲ ಒದ್ದೆಯಾಗಿತ್ತು.

"ಮೆಲ್ಲಕ, ಹಾಲಿ," ಎನ್ನುತ್ತಿದ್ದೆ ನಾನು. "ಮೆಲ್ಲಕ ತುಳಿಯವ್ವಾ."