ಬೆಳ್ಯಪ್ಪನ ಬಲಗೈ

ನಮ್ಮ ಕಡೆ ಯಾರಿಗಾದರೂ ಲಕ್ವ ಹೊಡೆದರೆ ಮನೆಯವರು ಮೊದಲು ಒಲೆಯ ಹತ್ತಿರ ಹಾಸಿಗೆ ಹಾಕುತ್ತಾರೆ. ಆಮೇಲೆ ಎಲ್ಲರೂ ಕಾಯುತ್ತಾರೆ. ಯಾವುದಕ್ಕೆ ಕಾಯುತ್ತಿದ್ದೇವೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಚೆಟ್ಟಳ್ಳಿ ಕಡೆಯ ಬೆಳ್ಯಪ್ಪ ಕಕ್ಕಡ ತಿಂಗಳ ಜಡಿಮಳೆಯಲ್ಲಿ ನಾಟಿ ಗದ್ದೆಯಲ್ಲೇ ಬಿದ್ದ. ಮಡಿಕೇರಿ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಮಾತು ತಿರುಗಿ ಬಂತು. ಕಾಲೆಳೆದುಕೊಂಡಾದರೂ ನಡೆಯುವಂತಾದ. ಬಲಗೈ ಮಾತ್ರ ಬರಲಿಲ್ಲ. ಹೆಂಡತಿ ಯಮುನ ಆ ಕೈಯನ್ನು ಬಟ್ಟೆಯಿಂದ ಎದೆಗೆ ಕಟ್ಟಿದಳು, ಗಾಳಿ ತಾಗದಂತೆ ಕಂಬಳಿ ಹೊದಿಸಿದಳು, ಅನ್ನ ಕಲಸಿ ಬಾಯಿಗಿಟ್ಟಳು. ಅವನು ಏಳಲು ಹೊರಟರೆ, "ಬೇಡ, ಕೂತ್ಕೊಳಿ. ನಾ ಇದ್ದೇನಲ್ಲ" ಎನ್ನುವಳು.

ಹೀಗೆಲ್ಲ ಮಾಡಲು ಹೇಳಿಕೊಟ್ಟವಳು ಓರಗಿತ್ತಿ ಪೂವಮ್ಮ. ಅವಳ ಗಂಡನಿಗೂ ಇದೇ ಕಾಯಿಲೆ ಬಂದಿತ್ತು. ಮೂರು ವರ್ಷ ಅವರನ್ನು ಹಾಸಿಗೆಯಿಂದ ಅಲುಗಲು ಬಿಡದೆ ನೋಡಿಕೊಂಡಿದ್ದಳು. ಕೈ ಕೊಕ್ಕೆಯಂತೆ ಮಡಚಿಕೊಂಡಿತು, ಬೆನ್ನು ಹುಣ್ಣಾಯಿತು, ತೀರಿಕೊಂಡರು.

ಮಳೆ ಬಿಟ್ಟ ಮೇಲೆ ಆರೋಗ್ಯ ಕೇಂದ್ರದ ನರ್ಸ್ ಪ್ರೇಮಾವತಿ ಮನೆಗೆ ಬಂದರು. ಕಟ್ಟು ಬಿಚ್ಚಿ ಬೆಳ್ಯಪ್ಪನ ಬೆರಳುಗಳನ್ನು ಮೆಲ್ಲಗೆ ಬಿಡಿಸಿ ನೋಡಿದರು. ಅವನು ಹಲ್ಲು ಕಚ್ಚಿದ.

"ಯಮುನಮ್ಮ, ಇನ್ನು ನಾಲ್ಕು ತಿಂಗಳು ಹೀಗೇ ಕಟ್ಟಿಟ್ರೆ ಈ ಕೈ ಮಡಚಿದ ಹಾಗೇ ನಿಂತುಬಿಡ್ತದೆ. ಡಾಕ್ಟರನ್ನ ಕೇಳಿಯೇ ಬಂದಿದ್ದೇನೆ. ದಿನಾ ಕೈ ಆಡಿಸ್ಬೇಕು."

"ಇವರು ಕೇಳುದಿಲ್ಲೆ ನರ್ಸಮ್ಮ."

"ಹಾಗಾದ್ರೆ ಆಟ ಆಡಿ. ಇವರಿಗೆ ಯಾವ ಆಟ ಗೊತ್ತುಂಟು?"

"ಹುತ್ತರಿ ಹಬ್ಬದ ಕೋಲಾಟ ಒಂದೇ. ಊರ ಮಂದಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುದು ಇವರೇ."

"ಸರಿ, ನೀವು ಎದುರು ನಿಲ್ಲಿ. ಬಾಗಿಲು ಹಾಕ್ಕೊಂಡು ಇಬ್ಬರೂ ಆಡಿ."

ಬೆಳ್ಯಪ್ಪ ಗೋಡೆಯ ಕಡೆ ತಿರುಗಿದ. ಊರು ಸೇರುವ ಆ ಮಂದಿನ ಬಯಲಿನಲ್ಲಿ ಕೋಲು ಹಿಡಿಯುವವರು ಗಂಡಸರು ಮಾತ್ರ. "ಹೆಂಗಸಿನ ಎದುರು ಕೋಲು ಹೊಡೆಯದಾ? ಗೊತ್ತಾದ್ರೆ ಊರವರು ನಂಗೇ ಸೀರೆ ಉಡಿಸುವರು."

"ಉಡಿಸ್ಲಿ. ನೆರಿಗೆ ಹಿಡಿಯೋಕೂ ಎರಡು ಕೈ ಬೇಕಲ್ಲ" ಎಂದರು ಪ್ರೇಮಾವತಿ.

ಅಲ್ಲೇ ನಿಂತು ಕೇಳುತ್ತಿದ್ದ ಪೂವಮ್ಮನಿಗೆ ಸಿಟ್ಟು ಬಂತು. "ಕಾಯಿಲೆ ಮನುಷ್ಯನ ಕೈಲಿ ಆಟ ಆಡಿಸದು ಎಂತಕೆ? ನಿಂಗೆ ಗಂಡ ಬೇಕಾ ಬೇಡವಾ, ಯಮುನ?"

ಭಾವನ ಕೊಕ್ಕೆಯಂಥ ಕೈ ಯಮುನಳ ಕಣ್ಣಿಗೆ ಕಟ್ಟಿತ್ತು.

ಮರುದಿನ ಎರಡು ಬೆಂಚು ಎದುರುಬದುರು ಹಾಕಿ, ಒಲ್ಲದ ಗಂಡನನ್ನು ಕೂರಿಸಿದಳು. ಕೋಲನ್ನು ಅವನ ಬಲ ಅಂಗೈಗೆ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಸುತ್ತಿದಳು. ಒಂದು ಕೈಯಿಂದ ಅವನ ಮೊಣಕೈಗೆ ಆಸರೆ ಕೊಟ್ಟು, ಇನ್ನೊಂದು ಕೈಯಲ್ಲಿದ್ದ ತನ್ನ ಕೋಲನ್ನು ಅವನ ಕೋಲಿಗೆ ತಾಗಿಸಿದಳು. ಐದು ಸಲ, ಸ್ವಲ್ಪ ವಿಶ್ರಾಂತಿ, ಮತ್ತೆ ಐದು ಸಲ. ನೋವಾದರೆ ನಿಲ್ಲಿಸಬೇಕು, ತೋಳು ಹಿಡಿದು ಎಳೆಯಬಾರದು ಎಂದು ನರ್ಸ್ ಹೇಳಿದ್ದರು. ಅವನು ಅವಳ ಮುಖ ನೋಡಲಿಲ್ಲ. ಹತ್ತು ದಿನ ಕೈ ಸತ್ತಂತೆಯೇ ಇತ್ತು. ಒಂದು ದಿನ ಅತ್ತುಬಿಟ್ಟ.

ಹನ್ನೊಂದನೆಯ ದಿನ ಯಮುನ ತಾಳ ತಪ್ಪಿದಳು. ಮತ್ತೆ ತಪ್ಪಿದಳು.

"ಹಾಂಗಲ್ಲ. ಮೇಲೆ ಎರಡು, ಆಮೇಲೆ ಕೆಳಗೆ ಒಂದು. ಎಷ್ಟು ಸಲ ಹೇಳದು ನಿಂಗೆ?" ಎಂದು ರೇಗಿದ. ರೇಗುವಾಗ ಕೋಲು ಒಂದು ಬೆರಳಷ್ಟು ತಾನಾಗಿ ಮೇಲೆದ್ದಿತು. ಇಬ್ಬರೂ ಅದನ್ನು ನೋಡಿದರು.

ಹುತ್ತರಿ ಬಂತು. ಮಂದಿನಲ್ಲಿ ಬೇರೆ ಯಾರೋ ಮುಂದೆ ನಿಂತರು. ಕೋಲಿನ ಸದ್ದು ಮನೆಯವರೆಗೂ ಕೇಳಿಸುತ್ತಿತ್ತು. "ಇವತ್ತು ಬೇಡ" ಎಂದು ಬೆಳ್ಯಪ್ಪ ಮುಸುಕೆಳೆದುಕೊಂಡ. ಯಮುನ ಬೆಂಚು ಹಾಕಿ ಕೋಲು ಹಿಡಿದು ಕೂತಳು. ತುಂಬ ಹೊತ್ತಾದ ಮೇಲೆ ಅವನೇ ಎದ್ದು ಬಂದ.

ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ನಿಂತು ಆಡುವಂತಾದ. ದಿನಾ ಅವನ ಜೊತೆ ಆಡಿದ್ದರಿಂದ, ನೀರಿನ ಗಡಿಗೆ ಹೊತ್ತು ದಿಣ್ಣೆ ಹತ್ತುವಾಗ ಯಮುನಳಿಗೆ ಬರುತ್ತಿದ್ದ ಏದುಸಿರೂ ಕಡಿಮೆಯಾಯಿತು. ಆದರೆ ಅವನಿಗೆ ಅಂಗಿಯ ಗುಂಡಿ ಹಾಕಲು ಈಗಲೂ ಆಗುವುದಿಲ್ಲ. ಪೂರ್ತಿ ಗುಣವಾಗುತ್ತದೆ ಎಂದು ಡಾಕ್ಟರೂ ಹೇಳಿಲ್ಲ.

ಒಂದು ಮಧ್ಯಾಹ್ನ ಪ್ರೇಮಾವತಿ ಬಂದಾಗ ಬೆಳ್ಯಪ್ಪ ಬಲಗೈಯಲ್ಲೇ ಉಣ್ಣುತ್ತಿದ್ದ. ಅರ್ಧ ಅನ್ನ ಮಡಿಲಿಗೆ ಬೀಳುತ್ತಿತ್ತು, ಅರ್ಧ ಬಾಯಿಗೆ ಹೋಗುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಪೂವಮ್ಮ ಬಹಳ ಹೊತ್ತು ನೋಡಿದಳು.

"ನರ್ಸಮ್ಮ, ನಮ್ಮವರಿಗೂ ಹೀಂಗೆ ಮಾಡಿದ್ರೆ?"

ಪ್ರೇಮಾವತಿ ಅವಳ ಕೈ ಹಿಡಿದು, "ಆಗ ನಿಮಗೆ ಯಾರೂ ಹೇಳಿರಲಿಲ್ಲ, ಅಕ್ಕ" ಎಂದರು.

ಪೂವಮ್ಮ ಒಳಗೆ ಬಂದು ಚೆಲ್ಲಿದ ಅನ್ನ ಬಳಿಯತೊಡಗಿದಳು. ಯಮುನ ತುತ್ತು ಕೊಡಲು ಕೈ ಚಾಚಿದಾಗ ಅವಳೇ ತಡೆದಳು. "ಬಿಡು. ಅಂವನೇ ಉಣ್ಣಲಿ."

ಅಕ್ಕತಂಗಿಯರೇ, ನಿಮಗೆ ಈ ಮಾತು ಈಗ ಗೊತ್ತಾಗಿದೆ. ಲಕ್ವ ಹೊಡೆದವರನ್ನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬಿದ್ದ ಕೈಯನ್ನು ಕಟ್ಟಿಡಬೇಡಿ. ಡಾಕ್ಟರನ್ನು ಕೇಳಿ, ನಿಮಗೆ ಬರುವ ಯಾವುದಾದರೂ ಆಟವನ್ನು ಗಂಡ ಹೆಂಡತಿ ಇಬ್ಬರೂ ದಿನಾ ಆಡಿ. ಪ್ರೀತಿಯಿಂದಲೇ ಒಂದು ಕೈಯನ್ನು ಹಾಳುಮಾಡಿಬಿಡಬಹುದು. ಆ ತಪ್ಪು ನಿಮ್ಮ ಮನೆಯಲ್ಲಿ ಆಗದಿರಲಿ.