ಮರುದೇವಮ್ಮನ ಕಲ್ಲುಮರಿಗೆ

ಆ ಬೆಳಿಗ್ಗೆ ನನ್ನೊಳಗೆ ಇಬ್ಬರ ಪಾಲಿನ ಕುಂಬಳಕಾಯಿ ಹುಳಿ ಉಳಿದಿತ್ತು. ಹೊತ್ತು ಏರಿದರೂ ಯಾರೂ ಒಲೆ ಹಚ್ಚಲಿಲ್ಲ. ನಡುಮನೆಯಲ್ಲಿ ಜನ ಬಂದು ಹೋಗುವ ಸದ್ದು ಕೇಳುತ್ತಿತ್ತು. ಯಾರೂ ದನಿ ಎತ್ತಿ ಮಾತಾಡುತ್ತಿರಲಿಲ್ಲ. ಕೊನೆಗೆ ಪಕ್ಕದ ಮನೆಯ ಪದ್ಮಕ್ಕ ಅಡಿಗೆಮನೆಗೆ ಬಂದು ಹುಳಿಯನ್ನು ಕಲಗಚ್ಚಿಗೆ ಸುರಿದಳು. ನನ್ನನ್ನು ತೊಳೆಯುತ್ತಾ ಜೊತೆಯವಳಿಗೆ ಹೇಳಿದಳು: "ಮರುದೇವಮ್ಮ ನಿನ್ನೆ ಸಂಜೆ ಉಣ್ಣಲೇ ಇಲ್ಲವಂತೆ ಕಣೇ. ಬರೀ ಹೊಟ್ಟೇಲಿ ಹೋಗಿಬಿಟ್ಟಳು, ಪುಣ್ಯಾತಗಿತ್ತಿ."

ನನ್ನ ಒಡತಿ ಇನ್ನಿಲ್ಲವೆಂದು ನನಗೆ ತಿಳಿದದ್ದು ಹೀಗೆ.

ನಾನು ಒಂದು ಕಲ್ಲುಮರಿಗೆ. ಬಳಪದ ಕಲ್ಲಾಗಿ ಭೂಮಿಯೊಳಗೆ ಎಷ್ಟು ಕಾಲ ಮಲಗಿದ್ದೆನೋ ಅರಿಯೆ. ಒಬ್ಬ ಕಲ್ಲುಕುಟಿಗ ಮೂರು ದಿನ ಕೂತು, ಉಳಿಯಿಂದ ನನ್ನ ಹೊಟ್ಟೆ ಕೊರೆದು, ಹಿಡಿಯಲು ಎರಡು ಕಿವಿ ಇಟ್ಟ. ಮರುದೇವಮ್ಮನ ತಾಯಿ ನನ್ನನ್ನು ಕೊಂಡು ತಂದರು. ಹೊಸ ಕಲ್ಲನ್ನು ಹಾಗೆಯೇ ಬೆಂಕಿಗೆ ಇಟ್ಟರೆ ಬಿರಿದುಹೋಗುತ್ತದೆ. ಆ ತಾಯಿ ನನಗೆ ಹರಳೆಣ್ಣೆ, ಅರಿಸಿನ ಸವರಿ ಬಿಸಿಲಿಗಿಟ್ಟರು. ಆಮೇಲೆ ದಿನಾ ಬಿಸಿ ಗಂಜಿ ಸುರಿದು ಒಂದು ತಿಂಗಳು ಪಳಗಿಸಿದರು. ಬೂದಿ ಬಣ್ಣದವನು ಕಪ್ಪಗಾದೆ. ಮಗಳ ಮದುವೆಯಾದಾಗ ನಾನೂ ಅವಳ ಜೊತೆ ತುಮಕೂರಿಗೆ ಬಂದೆ.

ಮರುದೇವಮ್ಮನ ಗಂಡ ಧರಣೇಂದ್ರಯ್ಯನವರದು ಹಿತ್ತಾಳೆ ಪಾತ್ರೆಗಳ ಅಂಗಡಿ. ಒಲೆಯ ಮೇಲೆ ನನ್ನನ್ನು ಕಂಡು ಅವರು ಮೊದಲ ದಿನವೇ ರೇಗಿಸಿದರು.

"ಹಿತ್ತಾಳೆ ಮಾರುವವನ ಮನೇಲಿ ಕಲ್ಲಿನಲ್ಲಿ ಅಡಿಗೆಯೇ? ಗಿರಾಕಿಗಳು ನೋಡಿದರೆ ಅಂಗಡಿ ಮುಚ್ಚಬೇಕಾದೀತು."

"ನಿಮ್ಮ ಹಿತ್ತಾಳೆ ಬೇಗ ಕಾಯುತ್ತೆ, ಬೇಗ ಆರುತ್ತೆ. ನಿಮ್ಮ ಕೋಪದ ಹಾಗೆ," ಎಂದಳು ಮರುದೇವಮ್ಮ.

ಮೂವತ್ತೆಂಟು ವರ್ಷ ನಾನು ಆ ಒಲೆಯ ಮೇಲೆ ಕೂತೆ. ಅವರು ಜೈನರು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಅನ್ನ ಮುಟ್ಟುತ್ತಿರಲಿಲ್ಲ. ದೀಪಕ್ಕೆ ಎರಗುವ ಕ್ರಿಮಿ ಕೀಟ ತಟ್ಟೆಗೆ ಬಿದ್ದು ಸತ್ತೀತು ಎಂಬ ದಯೆ ಅದು. ನವರಾತ್ರಿ ಕಳೆದು ಚಳಿ ಶುರುವಾದರೆ ಹಗಲು ಗಿಡ್ಡವಾಗುತ್ತದೆ. ಆಗ ಮರುದೇವಮ್ಮ ನಾಲ್ಕು ಗಂಟೆಗೇ ಒಲೆ ಹಚ್ಚುತ್ತಿದ್ದಳು. ಸಿಹಿಗುಂಬಳ, ತೊಗರಿಬೇಳೆ, ಹುಣಿಸೆರಸ, ಹುರಿದು ರುಬ್ಬಿದ ಕೊಬ್ಬರಿ. ಮೇಲೆ ಸಾಸಿವೆ ಕರಿಬೇವಿನ ಒಗ್ಗರಣೆ. ಮನೆಮಂದಿ ಒಲೆಯ ಸುತ್ತಲೇ ತಟ್ಟೆ ಹಿಡಿದು ಕೂರುತ್ತಿದ್ದರು. ನಾನು ಕೆಳಗಿಳಿದ ಮೇಲೂ ಬಹಳ ಹೊತ್ತು ಕುದಿಯುತ್ತಿದ್ದೆ. ಆ ಹೊತ್ತಿನಷ್ಟು ಸುಖ ನನಗೆ ಬೇರೆ ಇರಲಿಲ್ಲ.

ಆ ಕೊನೆಯ ಸಂಜೆ ಮದುವೆ ಮನೆಯವರೊಬ್ಬರು ಅಂಗಡಿಗೆ ಬಂದು ಕೊಳಗ, ಹಂಡೆ ಆರಿಸುತ್ತಾ ಕೂತರಂತೆ. ಧರಣೇಂದ್ರಯ್ಯನವರು ಮನೆ ಸೇರುವಾಗ ಸೂರ್ಯ ಮುಳುಗಿದ್ದ. ಮಗ ಅಜಿತನಿಗೂ ಸೊಸೆ ಸುಲೋಚನೆಗೂ ಬಡಿಸಿದ್ದ ಮರುದೇವಮ್ಮ, ತಾನು ಮಾತ್ರ ಗಂಡನಿಗಾಗಿ ಕಾದಿದ್ದಳು. "ಇರಲಿ ಬಿಡಿ, ಬೆಳಿಗ್ಗೆ ಇಬ್ಬರೂ ಚೆನ್ನಾಗಿ ಉಣ್ಣೋಣ," ಎಂದು ನೀರೂ ಕುಡಿಯದೆ ಮಲಗಿದಳು. ನಸುಕಿನಲ್ಲಿ ಎದೆ ಹಿಡಿದುಕೊಂಡಳಂತೆ. ಮತ್ತೆ ಏಳಲಿಲ್ಲ.

ಅಂದಿನಿಂದ ಧರಣೇಂದ್ರಯ್ಯನವರು ಸಂಜೆಯ ಊಟ ಬಿಟ್ಟರು. ಬಿಟ್ಟೆನೆಂದು ಹೇಳಲಿಲ್ಲ. ದಿನಾ ಬೇಕೆಂದೇ ತಡಮಾಡಿ ಬರುತ್ತಿದ್ದರು. "ಅಪ್ಪಾ, ಸ್ವಲ್ಪ ಬೇಗ ಬನ್ನಿ," ಎಂದು ಅಜಿತ ಬೇಡಿಕೊಂಡರೆ, "ಹೊತ್ತು ಮುಳುಗಿತಲ್ಲಪ್ಪ, ಏನು ಮಾಡಲಿ," ಎನ್ನುತ್ತಿದ್ದರು. ಮಧ್ಯಾಹ್ನದ ಅನ್ನವೂ ಎರಡು ತುತ್ತಿಗಿಳಿಯಿತು. ಪಂಚೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಒಂದು ದಿನ ಬಸದಿಯ ಮೆಟ್ಟಿಲ ಮೇಲೆ ತಲೆ ತಿರುಗಿ ಕೂತುಬಿಟ್ಟರೆಂದು ಯಾರೋ ಕೈಹಿಡಿದು ಕರೆತಂದರು. ಹೀಗೇ ಆದರೆ ಈ ಮನೆಯಲ್ಲಿ ಇನ್ನೊಂದು ಜೀವ ಹೋಗುತ್ತದೆಂದು ನನ್ನಂಥ ಕಲ್ಲಿಗೂ ತಿಳಿಯಿತು.

ಪೇಟೆಗೆ ರಜೆಯಿದ್ದ ಒಂದು ಸೋಮವಾರ ಅವರು ಮನೆಯಲ್ಲೇ ಇದ್ದರು. ಮಧ್ಯಾಹ್ನ ಕಳೆಯುತ್ತಲೇ ಜಪಮಣಿ ಹಿಡಿದು ದೇವರ ಕೋಣೆ ಸೇರಿದರು. ಸುಲೋಚನೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನನ್ನನ್ನು ಅಟ್ಟದಿಂದ ಇಳಿಸಿದಳು. ಅತ್ತೆ ಹೋದ ಮೇಲೆ ನನ್ನನ್ನು ಮುಟ್ಟಿದ್ದು ಅದೇ ಮೊದಲು. ಒಲೆ ಹಚ್ಚಿ, ಕುಂಬಳಕಾಯಿ ಹೆಚ್ಚಿ ಹಾಕಿದಳು. ಚಳಿಗೆ ಮುದುಡಿದ್ದ ಅಡಿಗೆಮನೆ ಬೆಚ್ಚಗಾಯಿತು. ಒಗ್ಗರಣೆಯ ಪರಿಮಳ ದೇವರ ಕೋಣೆಯವರೆಗೂ ಹೋಗಿರಬೇಕು. ಅಲ್ಲಿ ಮಣಿ ಸರಿಯುವ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ಹಿತ್ತಲ ಗೋಡೆಯ ಮೇಲೆ ಬಿಸಿಲು ಒಂದು ಗೇಣಿನಷ್ಟೇ ಉಳಿದಿತ್ತು. ಸುಲೋಚನೆ ನನ್ನ ಕಿವಿಗಳಿಗೆ ಬಟ್ಟೆ ಸುತ್ತಿ, ಎತ್ತಿಕೊಂಡು ಹೋಗಿ ದೇವರ ಕೋಣೆಯ ಹೊಸಲಿನ ಮುಂದೆ ಇಟ್ಟಳು.

"ಮಾವ, ಏಳಿ. ಹೊತ್ತಿದೆ."

"ಜಪ ಮುಗಿದಿಲ್ಲಮ್ಮ."

"ಕಿಟಕಿ ಕಡೆ ನೋಡಿಕೊಂಡು ಮಾಡುವ ಜಪ ಹೊತ್ತು ಮುಳುಗುವ ತನಕ ಮುಗಿಯುವುದಿಲ್ಲ ಮಾವ."

ಮಾತು ತುಟಿ ಮೀರಿತೆಂದು ಅವಳೇ ಹೆದರಿದಳು. ಅವರು ಸಿಟ್ಟಾಗಲಿಲ್ಲ. "ಅವಳು ನನ್ನಿಂದ ಹಸಿದು ಹೋದಳು," ಎಂದರು.

"ಇಲ್ಲ ಅಂತ ನಾನು ಸುಳ್ಳು ಹೇಳಲಾರೆ. ಹಸಿದೇ ಹೋದರು. ಅತ್ತೆ ಬಡಿಸಿದ್ದನ್ನು ಹೊಟ್ಟೆ ತುಂಬ ಉಂಡು ಮಲಗಿದವಳು ನಾನು. ನೀವೂ ಉಣ್ಣಿ ಅಂತ ಇನ್ನೊಂದು ಸಲ ಹೇಳಲಿಲ್ಲ. ನಾನೇನು ಮಾಡಲಿ ಮಾವ? ನಾನೂ ಊಟ ಬಿಡಲೇ? ಹಿಂಸೆಯಾಗಬಾರದೆಂದು ತಾನೇ ಈ ವ್ರತ? ದಿನಾ ಒಂದು ಜೀವ ಸೊರಗುವುದನ್ನು ನೋಡಿಕೊಂಡು ನಾವು ಗಂಡ ಹೆಂಡತಿ ಹೇಗೆ ತುತ್ತು ನುಂಗುವುದು?"

ಧರಣೇಂದ್ರಯ್ಯನವರು ಜಪಮಣಿಯನ್ನು ಕಣ್ಣಿಗೊತ್ತಿಕೊಂಡು ಕೆಳಗಿಟ್ಟರು. ಹೊಸಲು ದಾಟಿ ಬಂದು ನನ್ನ ಮುಂದೆ ಕೂತರು. ಅನ್ನದ ಮೇಲೆ ಹುಳಿ ಬಿತ್ತು. ಒಂದು ತುತ್ತು ಬಾಯಿಗಿಟ್ಟು, ತಟ್ಟೆಯಲ್ಲಿ ಬೆರಳಾಡಿಸಿ ಹುಡುಕಿದರು.

"ಕುಂಬಳಕಾಯಿ ಎಲ್ಲಮ್ಮ?"

"ಅದರಲ್ಲೇ ಇದೆ ಮಾವ."

"ಇದ್ದೀತು, ಕಾಣುತ್ತಿಲ್ಲ. ಪೂರಾ ಬೇಯಲಿ ಅಂತ ಒಲೆ ಮೇಲೇ ಬಿಟ್ಟೆಯಾ? ಕಲ್ಲನ್ನು ಹೋಳು ಅರೆಬೆಂದಾಗಲೇ ಇಳಿಸಬೇಕು. ಮಿಕ್ಕದ್ದನ್ನು ಅದೇ ಬೇಯಿಸಿಕೊಳ್ಳುತ್ತೆ. ನಿಮ್ಮತ್ತೆ..." ಎನ್ನುವಷ್ಟರಲ್ಲಿ ಕಣ್ಣಿನಿಂದ ನೀರು ಇಳಿಯಿತು. ಎಡಗೈಯಿಂದ ಒರೆಸಿಕೊಂಡು, "ಇನ್ನೊಂದು ಸೌಟು ಹಾಕು," ಎಂದರು.

ಬಿಸಿಲು ಗೋಡೆ ಬಿಡುವ ಮುನ್ನ ಅವರು ತಟ್ಟೆ ಖಾಲಿ ಮಾಡಿ ಕೈ ತೊಳೆದಿದ್ದರು.

ಆಮೇಲೆ ಒಂಬತ್ತು ವರ್ಷ ಅವರು ಬದುಕಿದರು, ಸಂಜೆ ಬೇಗ ಮನೆಗೆ ಬಂದರು. ನಾನು ಹುಟ್ಟಿದ್ದಕ್ಕೆ ಮಾಡಿದ್ದು ಬಹಳವೇನಿಲ್ಲ. ಬೆಂಕಿ ಕೊಟ್ಟ ಬಿಸಿಯನ್ನು ಸ್ವಲ್ಪ ಹೊತ್ತು ಹಿಡಿದಿಟ್ಟೆ, ಅಷ್ಟೇ. ಈಗ ನನ್ನ ತಳದಲ್ಲಿ ಕೂದಲೆಳೆಯಷ್ಟು ಬಿರುಕಿದೆ. ಬೆಂಕಿಯ ಮೇಲೆ ಕೂರಲಾರೆ. ಸುಲೋಚನೆ ನನ್ನೊಳಗೆ ಉಪ್ಪು ತುಂಬಿ ಅಡಿಗೆಮನೆಯ ಮೂಲೆಯಲ್ಲಿ ಇಟ್ಟಿದ್ದಾಳೆ. ಅವಳ ತಲೆಯಲ್ಲೂ ನರೆ ಬಂದಿದೆ. ಮುಂಜಾನೆ ಒಲೆ ಹಚ್ಚುವ ಮುಂಚೆ ಅವಳು ಕೈಮುಗಿದು ನಿಲ್ಲುತ್ತಾಳೆ. ನನಗೆ ಕೈಯಿಲ್ಲ, ಅವಳ ಮಾತಿನ ಹಿಂದೆ ನನ್ನ ಮೌನ ಪ್ರಾರ್ಥನೆಯನ್ನು ಸೇರಿಸುತ್ತೇನೆ.

ಜಿನೇಶ್ವರಾ, ನಮ್ಮ ಮರುದೇವಮ್ಮನ ಕರ್ಮದ ಭಾರ ಇಳಿಯಲಿ. ಆ ಜೀವ ಎಲ್ಲಿದ್ದರೂ ನಿನ್ನ ದಾರಿಯಲ್ಲೇ ನಡೆಯಲಿ. ಅವಳಿಗೆ ಸದ್ಗತಿಯಾಗಲಿ, ಶಾಂತಿ ಸಿಗಲಿ.