ಸದ್ದಿಲ್ಲದ ಫೆರಿಗೆ ಅಪ್ಪನ ಅರ್ಜಿ

ಫೆರಿಯ ಎಂಜಿನ್ನಿಗೆ ಬೆಂಚು ನಡುಗುತ್ತಿದೆ, ನನ್ನ ಹಲ್ಲೂ ನಡುಗುತ್ತಿದೆ, ಫೋನಿನಲ್ಲಿ ಒಂದು ಅಕ್ಷರ ಒತ್ತಿದರೆ ಪಕ್ಕದ್ದು ಬೀಳುತ್ತದೆ, ಹುಟ್ಟಿದ ವರ್ಷ ತಪ್ಪಾಗಿ ಒತ್ತಿ ಅಪ್ಪನನ್ನು ನನಗಿಂತ ಚಿಕ್ಕವರನ್ನಾಗಿ ಮಾಡಿಬಿಟ್ಟೆ, ಅಳಿಸು, ಮತ್ತೆ ಬರೆ — ಕೆಳಗೆ ಎಂಜಿನ್ ಕೋಣೆಯಲ್ಲಿ ಅಪ್ಪ, ನಡುವೆ ಕಾರುಗಳ ಸಾಲು, ಅದರ ಮೇಲೆ ನಾನು, ಐದು ಗಂಟೆಗೆ ಅರ್ಜಿ ಮುಚ್ಚುತ್ತದೆ, ಈಗ ನಾಲ್ಕೂ ನಲವತ್ತು. ಮುಂದಿನ ವರ್ಷ ಹೊಸ ಫೆರಿಯಂತೆ, ಅರ್ಧ ಬ್ಯಾಟರಿ ಅರ್ಧ ಡೀಸೆಲ್, ದಡ ಹತ್ತಿರವಾದರೆ ಬರೀ ಬ್ಯಾಟರಿ, ಬೆಕ್ಕಿನ ಹಾಗೆ ಬರುತ್ತದಂತೆ, ಈ ಮುದುಕಿ ಫೆರಿಯನ್ನು ಗುಜರಿಗೆ ಹಾಕುತ್ತಾರಂತೆ, ಹಳಬರಲ್ಲಿ ನಾಲ್ಕೇ ಜನರಿಗೆ ತರಬೇತಿ, ಅದಕ್ಕೇ ಈ ಅರ್ಜಿ. ಎಲ್ಲದಕ್ಕೂ ಹೌದು ಅಂತ ಒತ್ತು ಮಗಳೇ, ನೀನು ಓದಿದೋಳು, ಅಂದಿದ್ದರು ಅಪ್ಪ. ಒತ್ತುತ್ತ ಬಂದೆ, ಈಜು ಬರುತ್ತದೆಯೇ, ಹೌದು, ಬೆನ್ನು ಗಟ್ಟಿಯೇ, ಹೌದು, ಸುಳ್ಳು, ಇರಲಿ, ಹನ್ನೊಂದನೆಯ ಪ್ರಶ್ನೆ — ಹಿಂದಿನಿಂದ ಯಾರಾದರೂ ಮೆಲ್ಲಗೆ ಕರೆದರೆ ಕೇಳಿಸುತ್ತದೆಯೇ. ಏನಮ್ಮಾ, ಫೋನಿನೊಳಗೇ ಇಳಿದುಬಿಟ್ಯಾ, ದಡ ಬಂದ್ರೆ ಕ್ರೇನ್ ತರಿಸ್ಬೇಕಾ ನಿನ್ನ ಎತ್ತೋಕೆ, ಎನ್ನುತ್ತ ಟಿಕೆಟ್ ಮಾವ ಹೋದರು. ಅವರಿಗೂ ಗೊತ್ತಿಲ್ಲ. ಕೆಳಗೆ ಎಂಜಿನ್ನಿನ ಗದ್ದಲದಲ್ಲಿ ಯಾರೂ ಬಾಯಲ್ಲಿ ಮಾತಾಡುವುದಿಲ್ಲ, ಎರಡು ಬೆರಳು ಎಂದರೆ ಎಣ್ಣೆ, ಮುಷ್ಟಿ ಎಂದರೆ ನಿಲ್ಲಿಸು, ಹಾಗಾಗಿ ಇಪ್ಪತ್ತಾರು ವರ್ಷದಲ್ಲಿ ಅಪ್ಪನ ಕಿವಿ ಯಾವಾಗ ಹೋಯಿತೋ ಯಾರಿಗೂ ತಿಳಿಯಲಿಲ್ಲ. ನನಗೆ ಹೋದ ತಿಂಗಳು ಗೊತ್ತಾಯಿತು, ಅಪ್ಪ ಕೈ ತೊಳೆಯುತ್ತಿದ್ದರು, ಬೆನ್ನಿಗೆ ಹೇಳಿದೆ, ಅಪ್ಪಾ ಗಣಿತದಲ್ಲಿ ಡುಮ್ಕಿ, ಬೆನ್ನು ಸುಮ್ಮನಿತ್ತು, ನಲ್ಲಿ ಹರಿಯುತ್ತಿತ್ತು, ತಿರುಗಿ ನನ್ನ ಮುಖ ನೋಡಿ ನಕ್ಕರು. ಹಾಗಾದರೆ ನನ್ನ ಜೋಕುಗಳು, ಅಡುಗೆಮನೆಯಿಂದ ಕೂಗಿ ಹೇಳಿದ ಕಾಲೇಜಿನ ಕಥೆಗಳು, ಮನೆಯಲ್ಲಿರುವುದು ನಾವಿಬ್ಬರೇ — ಇಷ್ಟು ವರ್ಷ ನಾನು ಯಾರ ಜೊತೆ ಮಾತಾಡುತ್ತಿದ್ದೆ. ಹೌದು ಒತ್ತಿದರೆ ಅಪ್ಪ ನೀರಿನ ಮೇಲೆ, ಇಲ್ಲ ಒತ್ತಿದರೆ ದಡದಲ್ಲಿ, ಹೌದು ಒತ್ತಿದರೆ ಬ್ಯಾಟರಿ ಬಿಸಿಯಾಗಿ ಎಚ್ಚರಿಕೆಯ ಪೀಪಿ ಕೂಗುತ್ತಲೇ ಇರುತ್ತದೆ, ಅಪ್ಪ ಬೆನ್ನು ತಿರುಗಿಸಿ ನಟ್ಟು ಬಿಗಿಯುತ್ತಿರುತ್ತಾರೆ, ಮೇಲೆ ಕಾರುಗಳಲ್ಲಿ ಮಕ್ಕಳು ನಿದ್ದೆಹೋಗಿರುತ್ತವೆ. ಇಲ್ಲ. ಇಲ್ಲ ಅಂತಲೇ ಒತ್ತಿದೆ. ಕಳಿಸಲೇ ಎನ್ನುತ್ತದೆ ಫೋನು, ಕಳಿಸು, ಹೋಯಿತು, ಅಪ್ಪನಿಗೆ ಹೇಗೆ ಹೇಳಲಿ, ಯಾವ ಬೆರಳಲ್ಲಿ ಹೇಳಲಿ — ಬೆಳಿಗ್ಗೆ ಟಿಕೆಟ್ ಕಚೇರಿಯಲ್ಲಿ ಹೊಸ ಫೆರಿಯ ಮಾದರಿ ಇಟ್ಟಿದ್ದರು, ಗಾಜಿನ ಪೆಟ್ಟಿಗೆಯೊಳಗೆ ಪುಟ್ಟ ಪ್ರೊಪೆಲರ್ ತಿರುಗುತ್ತಿತ್ತು, ಅಪ್ಪ ಅಂಗೈ ಅಗಲಿಸಿ ಗಾಜಿಗಿಟ್ಟು ಕಾದರು, ಎಂಜಿನ್ನಿನ ನಾಡಿ ನೋಡುವುದು ಅವರು ಹಾಗೆಯೇ, ಯಜಮಾನ್ರೇ ಕೈ ತೆಗೀರಿ, ಹಿಂದಿನಿಂದ ಹೊಸ ಫೆರಿಯ ಎಂಜಿನಿಯರಮ್ಮ, ಯಜಮಾನ್ರೇ, ಮೂರು ಸಲ, ನಾನು ಹೋಗಿ ತೋಳು ಮುಟ್ಟಿದೆ, ತೆಗೆದರು, ಗಾಜಿನ ಮೇಲೆ ಗ್ರೀಸಿನ ಐದು ಬೆರಳು, ಆಕೆ ಒರೆಸಿದರು, ಹೋಗಲಿಲ್ಲ, ಒಳಗೆ ಅದು ತಿರುಗುತ್ತಲೇ ಇತ್ತು, ಐದು ಬೆರಳು, ಗಾಜಿನ ಮೇಲೆ ಐದು ಬೆರಳು —